ಗಾಲಿ ಚಿಕ್ಕದಾದರೆ ಸೈಕಲ್ಲು ಯಾರದು?

ಹಳೆಯ ವಸ್ತುವನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳುವ ಅಧಿಕಾರ ನಮಗೆ ಎಷ್ಟರಮಟ್ಟಿಗೆ ಇದೆ? ಪ್ರಶ್ನೆ ದೊಡ್ಡದು. ದೇವಾಲಯಗಳ ವಿಷಯದಲ್ಲಿ, ಭಾಷೆಯ ವಿಷಯದಲ್ಲಿ, ಶಾಸ್ತ್ರ ಸಂಪ್ರದಾಯಗಳ ವಿಷಯದಲ್ಲಿ ದೊಡ್ಡವರು ಇದನ್ನು ದೊಡ್ಡ ದನಿಯಲ್ಲೇ ಚರ್ಚಿಸಿದ್ದಾರೆ. ನನಗೆ ಇದು ಎದುರಾದದ್ದು ಒಂದು ಸೈಕಲ್ಲಿನ ರೂಪದಲ್ಲಿ. ಐವತ್ತು ವರ್ಷ ಹಳೆಯದಾದ ಒಂದು ಇಂಗ್ಲಿಷ್ ಸೈಕಲ್ಲಿಗೆ, ಅದು ಕಾರ್ಖಾನೆಯಿಂದ ಹೊರಬಂದಾಗ ಇದ್ದುದಕ್ಕಿಂತ ಚಿಕ್ಕ ಗಾಲಿಯನ್ನು ಹಾಕಬಹುದೆ, ಹಾಕಬಾರದೆ ಎಂಬಷ್ಟೇ ಪ್ರಶ್ನೆ. ಓದುಗರು ನಗಬಹುದು. ಆದರೆ ಇಷ್ಟು ಸಣ್ಣ ವಿಷಯಕ್ಕೆ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಮಾತು ನಡೆದಿದೆ. ಬೆಂಗಳೂರಿಗೂ ಅಮೆರಿಕಕ್ಕೂ ನಡುವೆ ಸ್ವಲ್ಪ ಮನಸ್ತಾಪವೂ ಹುಟ್ಟಿದೆ.

ಸೈಕಲ್ಲು ನನ್ನ ಅಣ್ಣನದು. 1974ರಲ್ಲಿ ಲೀಡ್ಸ್ ಪಟ್ಟಣಕ್ಕೆ ಓದಲು ಹೋದವನು ಅಲ್ಲಿ ಕೊಂಡ ರ‍್ಯಾಲಿ ಅದು. ನಾಟಿಂಗ್‌ಹ್ಯಾಮಿನಲ್ಲಿ ತಯಾರಾದದ್ದು, ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಹತ್ತು ಗೇರು, 27 ಅಂಗುಲದ ಗಾಲಿ. 1977ರಲ್ಲಿ ಹಿಂದಿರುಗುವಾಗ ಗಾಲಿಗಳನ್ನು ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಹಡಗಿನಲ್ಲಿ ಹಾಕಿಸಿ ತಂದ. ಆಗ ನಮ್ಮ ಬೀದಿಯಲ್ಲಿ ಸೈಕಲ್ಲೆಂದರೆ ಕಪ್ಪು ಬಣ್ಣದ, 28 ಅಂಗುಲದ ಗಾಲಿಯ, ಕಂಬಿಯ ಬ್ರೇಕಿನ ಗಟ್ಟಿ ಪ್ರಾಣಿ. ಹಾಲಿನ ಕ್ಯಾನು, ಹೆಂಡತಿ, ಇಬ್ಬರು ಮಕ್ಕಳು, ಒಂದು ಮೂಟೆ ರಾಗಿ, ಇಷ್ಟನ್ನೂ ಒಂದೇ ಸಲಕ್ಕೆ ಹೊರುತ್ತಿತ್ತು. ಅದರ ಮುಂದೆ ಅಣ್ಣನ ಸೈಕಲ್ಲು ಜಿಂಕೆಯ ಹಾಗೆ ಕಂಡಿತು. ಅವನು ಹೋಗಿ ಮೂರು ವರ್ಷವಾಯಿತು. ಅತ್ತಿಗೆ ಅದನ್ನು ನನಗೆ ಕೊಟ್ಟರು. “ನಿಂತರೆ ತುಕ್ಕು ಹಿಡಿಯುತ್ತೆ, ನೀನೇ ಓಡಿಸಪ್ಪ” ಎಂದರು. ಓಡಿಸುವುದಕ್ಕೆ ನೋಡಿದರೆ ಟೈರು ಸೀಳುಬಿಟ್ಟಿತ್ತು; ಆ ಅಳತೆಯ ಟೈರು ನಾನು ವಿಚಾರಿಸಿದ ಅಂಗಡಿಗಳಲ್ಲಿ ಇರಲಿಲ್ಲ. ನನಗೆ ಈಗ ಅರವತ್ತೆಂಟು. ಸಪೂರ ಟೈರಿನ ಗಾಲಿ ನಮ್ಮ ರಸ್ತೆಯ ಹಳ್ಳದಲ್ಲಿ ಇಳಿದು ಎದ್ದರೆ ಆ ಪೆಟ್ಟು ಮಣಿಕಟ್ಟಿನಿಂದ ಹೆಗಲಿಗೆ, ಹೆಗಲಿನಿಂದ ಹಲ್ಲಿಗೆ ತಲುಪುತ್ತದೆ. ಹೀಗಾಗಿ ಚಿಕ್ಕ ಗಾಲಿಯ ಯೋಚನೆ ಬಂತು.

ಇಲ್ಲಿ ಅಳತೆಯ ವಿಷಯವನ್ನು ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಸೈಕಲ್ ಗಾಲಿಯ ನಿಜವಾದ ಅಳತೆ ಟೈರಿನ ಮೇಲೆ ದೊಡ್ಡದಾಗಿ ಬರೆದಿರುವ ಅಂಗುಲವಲ್ಲ. ಟೈರಿನ ಅಂಚು ರಿಮ್ಮಿನ ಮೇಲೆ ಎಲ್ಲಿ ಕೂರುತ್ತದೆಯೋ ಆ ಜಾಗದ ವ್ಯಾಸವೇ ನಿಜವಾದ ಅಳತೆ. 27 ಅಂಗುಲದ ಗಾಲಿಗೆ ಅದು 630 ಮಿಲಿಮೀಟರು. ಇಂದು ಲೋಕದ ರೇಸ್ ಸೈಕಲ್ಲುಗಳಿಗೆಲ್ಲ ಸಾಮಾನ್ಯವಾಗಿರುವ, ‘700 ಸಿ’ ಎಂದು ಕರೆಯುವ ಗಾಲಿಗೆ 622. ಫ್ರಾನ್ಸಿನಲ್ಲಿ ಒಂದು ಕಾಲದಲ್ಲಿ ದೂರಪ್ರಯಾಣದವರು ಮೆಚ್ಚಿ ಬಳಸುತ್ತಿದ್ದ ‘650 ಬಿ’ ಎಂಬ ಗಾಲಿಗೆ 584. ನಮ್ಮ ಹಾಲಿನವನ 28 ಅಂಗುಲದ ಗಾಲಿಗೆ 635. ಆ 28ಕ್ಕೂ ಈ 27ಕ್ಕೂ ಹೆಸರಿನಲ್ಲಿ ಒಂದು ಅಂಗುಲ ಅಂತರ; ರಿಮ್ಮಿನಲ್ಲಿ ಅಂತರ 5 ಮಿಲಿಮೀಟರು ಮಾತ್ರ!

ಫ್ರೆಂಚರು ಹಾಕಿದ ಹೆಸರುಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. 700 ಎಂದರೆ ಟೈರನ್ನೂ ಸೇರಿಸಿ ಗಾಲಿಯ ಹೊರಗಿನ ವ್ಯಾಸ. ಎ, ಬಿ, ಸಿ ಎಂಬ ಅಕ್ಷರಗಳು ಟೈರಿನ ದಪ್ಪವನ್ನು ಸೂಚಿಸುತ್ತಿದ್ದವು. ಎ ಸಪೂರ, ಸಿ ದಪ್ಪ. ಹೊರಗಿನ ಅಳತೆ ಒಂದೇ ಆಗಿರಬೇಕಾದ್ದರಿಂದ ಟೈರು ದಪ್ಪವಾದಷ್ಟೂ ಒಳಗಿನ ರಿಮ್ಮು ಚಿಕ್ಕದಾಗಬೇಕು. ಕಾಲಕ್ರಮದಲ್ಲಿ ರಿಮ್ಮು ಉಳಿಯಿತು, ದಪ್ಪ ಟೈರು ಹೋಯಿತು, ಹೆಸರು ಮಾತ್ರ ನಿಂತಿತು. ಇಂದು 25 ಮಿಲಿಮೀಟರ್ ಟೈರು ಹಾಕಿದ ‘700 ಸಿ’ ಗಾಲಿಯ ಹೊರ ವ್ಯಾಸ ಸುಮಾರು 672, ಎಲ್ಲಿಯ 700? ಹೆಸರಿಗೆ ಕಾರಣವಾಗಿದ್ದ ವಸ್ತು ಹೋದ ಮೇಲೂ ಹೆಸರು ಅಧಿಕಾರ ನಡೆಸುವುದು ಸೈಕಲ್ಲಿನಲ್ಲಿ ಮಾತ್ರ ಕಾಣುವ ವಿಚಿತ್ರವಲ್ಲ. ಇರಲಿ. ಈ ಗೊಂದಲವನ್ನೆಲ್ಲ ಬಿಡಿಸಿ ಜಾತಕದಂತೆ ಬರೆದಿಟ್ಟವನು ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿದ್ದ ಶೆಲ್ಡನ್ ಬ್ರೌನ್ ಎಂಬ ಸೈಕಲ್ ಮೆಕ್ಯಾನಿಕ್. 1944ರಲ್ಲಿ ಹುಟ್ಟಿ 2008ರಲ್ಲಿ ತೀರಿಕೊಂಡ ಈತನ ಕೋಷ್ಟಕಗಳನ್ನು ಇಂದಿಗೂ ಲೋಕದ ಎಷ್ಟೋ ಕಡೆಯ ರಿಪೇರಿಯವರು ನೋಡುತ್ತಾರೆ. ನಾನೂ ಅವನಿಗೆ ಋಣಿ.

ಈಗ ಲೆಕ್ಕ ನೋಡಿ. 630ರ ರಿಮ್ಮನ್ನು ತೆಗೆದು 622ರದ್ದನ್ನು ಹಾಕಿದರೆ ರಿಮ್ಮಿನ ಅಂಚು ಒಳಕ್ಕೆ ಸರಿಯುವುದು 4 ಮಿಲಿಮೀಟರು. ಬ್ರೇಕಿನ ರಬ್ಬರನ್ನು ಅಷ್ಟು ಕೆಳಗೆ ಇಳಿಸಿ ಬಿಗಿದರೆ ಕೆಲಸ ಮುಗಿಯಿತು. ಯಾರ ಕಣ್ಣಿಗೂ ಕಾಣುವುದಿಲ್ಲ. 584ರದ್ದನ್ನು ಹಾಕಿದರೆ ಅಂಚು 23 ಮಿಲಿಮೀಟರು ಸರಿಯುತ್ತದೆ. ಹಳೆಯ ಬ್ರೇಕಿನ ತೋಳು ಅಲ್ಲಿಗೆ ಎಟುಕುವುದಿಲ್ಲ, ಬೇರೆ ಬ್ರೇಕು ಬೇಕು. ಆದರೆ ರಿಮ್ಮು ಬಿಟ್ಟುಕೊಟ್ಟ ಜಾಗವನ್ನು ಟೈರು ತುಂಬಿಕೊಳ್ಳುತ್ತದೆ. 42 ಮಿಲಿಮೀಟರ್ ದಪ್ಪದ ಟೈರು ಹಾಕಿದರೆ ಹೊರಗಿನ ವ್ಯಾಸ 668. ಸಪೂರವಾದ 23ರ ಟೈರು ಹಾಕಿದ ರೇಸ್ ಗಾಲಿಯ ಹೊರ ವ್ಯಾಸವೂ ಸರಿಯಾಗಿ ಅಷ್ಟೇ. ಎಂದರೆ ಚಿಕ್ಕದಾದದ್ದು ಲೋಹ, ದೊಡ್ಡದಾದದ್ದು ಗಾಳಿ. ಚಿಕ್ಕ ಗಾಲಿ ಎಂಬ ಮಾತೇ ಅರ್ಧ ಸುಳ್ಳು.

ದಪ್ಪ ಟೈರು ಮುದುಕರ ಟೈರು, ನಿಧಾನದ ಟೈರು ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಅಮೆರಿಕದ ಸಿಯಾಟಲ್ ನಗರದಲ್ಲಿ ಸೈಕಲ್ಲಿಗೇ ಮೀಸಲಾದ ಒಂದು ತ್ರೈಮಾಸಿಕವನ್ನು ನಡೆಸಿದ ಯಾನ್ ಹೈನೆ ಎಂಬವರು ಈ ಶತಮಾನದ ಮೊದಲ ದಶಕದಲ್ಲಿ ನಿಜವಾದ ರಸ್ತೆಯ ಮೇಲೆ ಪರೀಕ್ಷೆ ನಡೆಸಿ, ಮೃದುವಾದ ದಪ್ಪ ಟೈರು ನಿಧಾನವಲ್ಲ ಎಂದು ವಾದಿಸಿದರು. ಒರಟು ರಸ್ತೆಯಲ್ಲಿ ಸವಾರನ ಮೈ ಅದುರುವುದರಲ್ಲೇ ಎಷ್ಟೋ ಶಕ್ತಿ ವ್ಯರ್ಥವಾಗುತ್ತದೆ. ಪ್ರಯೋಗಶಾಲೆಯ ನುಣುಪಾದ ಉರುಳೆಯ ಮೇಲೆ ಟೈರನ್ನು ಉರುಳಿಸಿ ನೋಡಿದರೆ ಅದು ಗೊತ್ತಾಗುವುದಿಲ್ಲ. ಇಂದು ಫ್ರಾನ್ಸಿನ ಮಹಾ ಪಂದ್ಯದಲ್ಲಿಯೂ 28 ಮಿಲಿಮೀಟರಿನ ಟೈರು ಸಾಮಾನ್ಯವಾಗಿದೆ. ಮೂವತ್ತು ವರ್ಷದ ಹಿಂದೆ ಅದನ್ನು ಕಂಡಿದ್ದರೆ ಪಂದ್ಯದವರು ನಗುತ್ತಿದ್ದರು.

ಸೈಕಲ್ಲಿನ ಇತಿಹಾಸವೇ ಗಾಲಿ ಚಿಕ್ಕದಾಗುತ್ತ ಬಂದ ಇತಿಹಾಸ ಎಂದರೂ ನಡೆದೀತು. 1870ರ ದಶಕದ ಎತ್ತರದ ಸೈಕಲ್ಲಿನಲ್ಲಿ ಪೆಡಲು ನೇರವಾಗಿ ಮುಂದಿನ ಗಾಲಿಗೇ ಅಂಟಿತ್ತು. ಒಂದು ತುಳಿತಕ್ಕೆ ಹೆಚ್ಚು ದೂರ ಹೋಗಬೇಕಾದರೆ ಗಾಲಿ ದೊಡ್ಡದಾಗಬೇಕು. ಗಾಲಿಗೆ ಮಿತಿ ಸವಾರನ ಕಾಲಿನ ಉದ್ದ. ಉದ್ದ ಕಾಲಿನವನೇ ವೇಗಿ. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಗಾಲಿಗೆ ಚೈನು ಕಟ್ಟಿದ ಮೇಲೆ ಕಾಲಿನ ಉದ್ದಕ್ಕೂ ವೇಗಕ್ಕೂ ಇದ್ದ ಸಂಬಂಧ ಹರಿಯಿತು. ಗಾಲಿ ನೆಲಕ್ಕೆ ಇಳಿಯಿತು. ಎತ್ತರದ ಸವಾರರು ಇದನ್ನು ಅವಮಾನವೆಂದೇ ತಿಳಿದರು. ಆದರೆ ಬಿದ್ದರೆ ತಲೆ ಒಡೆಯದ ಆ ಸೈಕಲ್ಲನ್ನೇ ಹೆಂಗಸರೂ ಮುದುಕರೂ ಹತ್ತಿದರು. ಮೂರು ವರ್ಷದ ಮೇಲೆ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಬಂಡಿಗೆಂದು ಮಾಡಿದ್ದ ಗಾಳಿಯ ಟೈರಿಗೆ ಹಕ್ಕುಪತ್ರ ಪಡೆದ. ಇಷ್ಟಾದರೂ ಇಂಗ್ಲಿಷರು ಇಂದಿಗೂ ಗೇರನ್ನು ಅಂಗುಲದಲ್ಲಿಯೇ ಅಳೆಯುತ್ತಾರೆ: ಈ ಗೇರು ಎಷ್ಟು ಎತ್ತರದ ಹಳೆಯ ಗಾಲಿಗೆ ಸಮ ಎಂದು. ಅಣ್ಣನ ಸೈಕಲ್ಲಿನಲ್ಲಿ ಮುಂದೆ 52 ಹಲ್ಲು, ಹಿಂದೆ 14 ಹಲ್ಲು ಹಾಕಿದರೆ ಅದು 100 ಅಂಗುಲದ ಗೇರು. ಎಂದರೆ ಎಂಟು ಅಡಿ ನಾಲ್ಕು ಅಂಗುಲ ಎತ್ತರದ, ಯಾವ ಮನುಷ್ಯನೂ ಹತ್ತಲಾರದ ಒಂದು ಗಾಲಿ. ಸತ್ತುಹೋದ ಗಾಲಿಯ ನೆರಳು ಬದುಕಿರುವ ಸೈಕಲ್ಲಿನ ಲೆಕ್ಕದಲ್ಲಿ ಹೀಗೆ ಉಳಿದುಕೊಂಡಿದೆ.

ನಮ್ಮಲ್ಲೂ ಇಂಥದು ನಡೆದಿದೆ. ಮಂಡ್ಯದ ಕಡೆಯ ಕಬ್ಬಿನ ಗಾಡಿಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಆಳೆತ್ತರದ, ಕಬ್ಬಿಣದ ಪಟ್ಟಿ ಕಟ್ಟಿದ ಮರದ ಗಾಲಿ ಹೋಗಿ ಕುಳ್ಳಗಿನ ಟೈರ್ ಗಾಡಿ ಬಂತು. ಬೆಂಗಳೂರಿನ ಐ.ಐ.ಎಂ.ನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗೆಂದು ಎಷ್ಟೋ ವರ್ಷ ದುಡಿದರು. ಗಾಲಿ ಸುಲಭವಾಗಿ ಉರುಳಬೇಕು, ನೊಗ ಎತ್ತಿನ ಕುತ್ತಿಗೆಯನ್ನು ಕೊರೆಯಬಾರದು ಎಂಬುದು ಅವರ ಕಾಳಜಿ. ಮರದ ಗಾಲಿಯ ಚೆಲುವನ್ನು ನಾನೂ ಬಲ್ಲೆ. ಈಗ ಅದು ರೆಸಾರ್ಟುಗಳ ಬಾಗಿಲಲ್ಲಿ ಬಣ್ಣ ಬಳಿಸಿಕೊಂಡು ಒರಗಿದೆ. ಆದರೆ ಆ ಚೆಲುವಿನ ಬೆಲೆಯನ್ನು ತೆರುತ್ತಿದ್ದುದು ಎತ್ತು. ಟೈರ್ ಗಾಡಿ ಬಂದ ಮೇಲೆ ಎತ್ತು ಸುಖವಾಯಿತು ಎಂದು ಹೇಳುವುದಕ್ಕೂ ಧೈರ್ಯ ಸಾಲದು. ಗಾಲಿ ಹಗುರವಾಯಿತೆಂದು ಹೇರನ್ನು ಹೆಚ್ಚಿಸಿದವರನ್ನು ಕಬ್ಬಿನ ಕಾಲದಲ್ಲಿ ಯಾವ ರಸ್ತೆಯಲ್ಲಾದರೂ ಕಾಣಬಹುದು. ಗಾಲಿಯನ್ನು ಬದಲಾಯಿಸಿದ ಮಾತ್ರಕ್ಕೆ ಮನುಷ್ಯನ ಮನಸ್ಸು ಬದಲಾಗುವುದಿಲ್ಲ. ಆದರೂ ಎಳೆಯುವವರ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗಾಲಿಯ ಗೌರವವನ್ನು ಕುರಿತು ಮಾತನಾಡುವುದು ಸುಲಭ ಎಂಬುದನ್ನು ಗಮನಿಸಬೇಕು.

ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಗಾಲಿಯ ವಿಷಯ ಅವನ ಕಿವಿಗೆ ಬಿದ್ದ ರಾತ್ರಿಯೇ ಫೋನು ಮಾಡಿದ. “ಹಾಗೇ ಇಟ್ಟಿರಿ ಚಿಕ್ಕಪ್ಪ. ಅದು ಅಪ್ಪನ ಸೈಕಲ್ಲು. ಗಾಲಿ ಬದಲಾಯಿಸಿದರೆ ಅದು ನಿಮ್ಮ ಸೈಕಲ್ಲಾಗಿಬಿಡುತ್ತೆ” ಎಂದ. ಹುಡುಗ ಒರಟಾಗಿ ಹೇಳಲಿಲ್ಲ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಮೊದಲು ನನಗೆ ಇದು ಬರಿಯ ಭಾವುಕತೆ ಎನ್ನಿಸಿತು. ಎರಡು ದಿನ ಯೋಚಿಸಿದ ಮೇಲೆ ಈ ಇಡೀ ವಿಚಾರದಲ್ಲಿ ಯಾರಾದರೂ ಆಡಿದ ಮಾತುಗಳಲ್ಲೆಲ್ಲ ಅತ್ಯಂತ ಸರಿಯಾದ ಮಾತು ಅದೇ ಎನ್ನಿಸಿತು.

ತತ್ತ್ವಜ್ಞಾನಿಗಳಿಗೆ ಈ ಪ್ರಶ್ನೆ ಹಳೆಯದು. ಅಥೆನ್ಸಿನವರು ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದರು, ಕೊನೆಗೆ ಅದು ಅದೇ ಹಡಗೆ ಎಂದು ಪ್ಲೂಟಾರ್ಕ್ ಹೇಳುವ ವಾದವಿದೆ. ನಾಗಸೇನ ಭಿಕ್ಷು ಮಿಲಿಂದ ರಾಜನನ್ನು, ನೀನು ಬಂದ ರಥ ಯಾವುದು, ಅಚ್ಚೆ, ಗಾಲಿಯೆ, ನೊಗವೆ ಎಂದು ಕೇಳಿ ಸಿಕ್ಕಿಸಿದ ಪ್ರಸಂಗವೂ ಪ್ರಸಿದ್ಧವೇ. ಆದರೆ ಈ ಎರಡೂ ನನ್ನ ಸಂಕಟಕ್ಕೆ ಒದಗುವುದಿಲ್ಲ. ಅಥೆನ್ಸಿನವರು ಹಾಕಿದ್ದು ಅದೇ ಅಳತೆಯ ಹಲಗೆ. ವಸ್ತು ಅದೇ ಹೌದೋ ಅಲ್ಲವೋ ಎಂಬುದು ಅವರ ಪ್ರಶ್ನೆ. ನನ್ನ ಅಣ್ಣನ ಮಗ ಕೇಳಿದ್ದು ಅದನ್ನಲ್ಲ. ವಸ್ತು ಯಾರದು ಎಂದು. ಸೈಕಲ್ಲು ಅದೇ ಇರಬಹುದು, ಆದರೆ ಅದು ಯಾರ ಮೈಗೆ ಹೊಂದಿಕೊಂಡಿತ್ತೋ ಅವರ ಗುರುತು ಅಳಿಸಿಹೋಗುತ್ತದಲ್ಲ ಎಂಬುದು ಅವನ ವ್ಯಥೆ.

ಇಂಗ್ಲೆಂಡಿನಲ್ಲಿ ರಸ್ಕಿನ್ 1849ರಲ್ಲಿಯೇ, ಹಳೆಯ ಕಟ್ಟಡವನ್ನು ಹಿಂದಿನ ಸ್ಥಿತಿಗೆ ತರುತ್ತೇವೆ ಎನ್ನುವುದು ಒಂದು ಸುಳ್ಳು ಎಂದು ಗುಡುಗಿದ್ದ. ಅವನ ದಾರಿಯಲ್ಲಿ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘವನ್ನೇ ಕಟ್ಟಿದ. ಚರ್ಚುಗಳ ಹಳೆಯ ಗೋಡೆಗಳನ್ನು ಕೆರೆದು ಹೊಸದು ಮಾಡುವುದರ ವಿರುದ್ಧ ಆ ಸಂಘ ನಿಂತಿತು. ಹಳೆಯ ಕಟ್ಟಡಗಳು ನಮ್ಮವಲ್ಲ, ಮುಂದೆ ಬರುವವರಿಗಾಗಿ ನಾವು ಕಾಯ್ದುಕೊಂಡಿರುವವರು ಅಷ್ಟೇ ಎಂಬುದು ಅವರ ನಿಲುವು. ನಮ್ಮ ಶಾಸನಗಳ ದಾರಿ ಬೇರೆ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿ ಬಿಟ್ಟ ದಾನಶಾಸನಗಳು ಕರ್ನಾಟಕದ ಹಳ್ಳಿಹಳ್ಳಿಯಲ್ಲಿವೆ. ಒಡೆದದ್ದನ್ನು ಸರಿಮಾಡುವುದು ನಮ್ಮವರಿಗೆ ಪುಣ್ಯ. ಒಡೆದದ್ದನ್ನು ಒಡೆದಂತೆಯೇ ಕಾಪಾಡುವುದು ಪುಣ್ಯ ಎಂದು ಯಾರೂ ದತ್ತಿ ಬಿಟ್ಟಂತೆ ಕಾಣೆ. ಪುರಿಯಲ್ಲಿ ನವಕಳೇಬರದ ವರ್ಷ ಬಂದರೆ ದೇವರ ಮರದ ಮೂರ್ತಿಗಳನ್ನೇ ಹೊಸದಾಗಿ ಕೆತ್ತಿ ಹಳೆಯದನ್ನು ಮಣ್ಣು ಮಾಡುತ್ತಾರೆ; 1996ರಲ್ಲಿ ನಡೆಯಿತು, 2015ರಲ್ಲಿ ನಡೆಯಿತು. ಜಗನ್ನಾಥನಿಗೇ ಮೈ ಬದಲಾಗಬಹುದಾದರೆ ಸೈಕಲ್ಲಿಗೆ ಗಾಲಿ ಬದಲಾದರೇನು ಎಂದು ನನ್ನ ಗೆಳೆಯರೊಬ್ಬರು ತೀರ್ಪು ಕೊಟ್ಟರು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಪುರಿಯಲ್ಲಿ ಬದಲಾಯಿಸುವವರಿಗೆ ಪರಂಪರೆಯಿಂದ ಬಂದ ಹಕ್ಕಿದೆ, ಕ್ರಮವಿದೆ, ಒಳಗಿನ ವಸ್ತುವನ್ನು ಕಣ್ಣುಕಟ್ಟಿಕೊಂಡು ಸಾಗಿಸುವ ಭಯವಿದೆ. ನಮಗೆ ಇರುವುದು ಅನುಕೂಲ ಮಾತ್ರ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿದವರೂ ಪುಣ್ಯವೆಂದೇ ಬಳಿದರು.

ಆದ್ದರಿಂದ ನಾನು ಮಾರಿಸನಿಂದ ಒಂದು ಮಾತನ್ನು ಮಾತ್ರ ಎರವಲು ತೆಗೆದುಕೊಂಡೆ: ನಾನು ಕಾಯುವವನು. ಕಾಯುವವನು ಓಡಿಸಬಾರದು ಎಂದೇನೂ ಇಲ್ಲ. ಓಡಿಸುವುದಕ್ಕೆ ಬೇಕಾದದ್ದನ್ನು ಮಾಡಲಿ. ಆದರೆ ಮುಂದಿನವನು ಹಿಂದಕ್ಕೆ ಹೋಗುವ ದಾರಿಯನ್ನು ಮುಚ್ಚದಿರಲಿ. ಸೈಕಲ್ಲಿನ ಮಟ್ಟಿಗೆ ಈ ಗೆರೆಯನ್ನು ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿ ಎಳೆಯಬಹುದು. ಹಳೆಯ ಹಬ್ಬುಗಳಿಗೇ ಹೊಸ ಕಡ್ಡಿ ಕಟ್ಟಿ ಹೊಸ ರಿಮ್ಮು ಹಾಕಬಹುದು. ಅಥವಾ ಇನ್ನೂ ಒಳ್ಳೆಯದು, ಹಳೆಯ ಗಾಲಿಗಳನ್ನು ಹಾಗೆಯೇ ತೂಗುಹಾಕಿ ಬೇರೆ ಜೊತೆ ಗಾಲಿ ಮಾಡಿಸಬಹುದು. ಬ್ರೇಕು ಒಂದೇ ಬೋಲ್ಟಿನ ಮೇಲೆ ನಿಂತಿರುವುದರಿಂದ ಹಳೆಯದನ್ನು ಬಿಚ್ಚಿ ಉದ್ದ ತೋಳಿನದನ್ನು ಕೂರಿಸಬಹುದು. ಇದೆಲ್ಲ ಅರ್ಧ ದಿನದಲ್ಲಿ ಹಿಂದಕ್ಕೆ ತಿರುಗಿಸಬಹುದಾದ ಕೆಲಸ. ಆದರೆ ಹೊಸ ಬ್ರೇಕುಗಳ ಬೋಲ್ಟು ಸಾಮಾನ್ಯವಾಗಿ ಹುದುಗಿದ ನಟ್ಟನ್ನು ಕೇಳುತ್ತದೆ. ಅದಕ್ಕಾಗಿ ಎಷ್ಟೋ ಜನ ಹಳೆಯ ಫೋರ್ಕಿನ ತೂತನ್ನು ಹಿಂಭಾಗದಲ್ಲಿ 8 ಮಿಲಿಮೀಟರಿಗೆ ಕೊರೆದು ಹಿಗ್ಗಿಸುತ್ತಾರೆ. ಹೆಚ್ಚು ಗೇರು ಬೇಕೆಂದು ಹಿಂದಿನ ಎರಡು ಕಾಲುಗಳನ್ನು 120 ಮಿಲಿಮೀಟರಿನಿಂದ 126ಕ್ಕೊ 130ಕ್ಕೊ ಹಿಡಿದು ಅಗಲಿಸುತ್ತಾರೆ. ಉಕ್ಕು ಅಷ್ಟು ಬಾಗಿ ಬಾಗಿದಂತೆ ನಿಲ್ಲುತ್ತದೆ. ಅಲ್ಯುಮಿನಿಯಮ್ಮಿಗೆ ಆ ಸಹನೆಯಿಲ್ಲ. ದಪ್ಪ ಟೈರಿಗೆ ಜಾಗ ಸಾಲದಿದ್ದರೆ ಕೊಳವೆಯನ್ನೇ ಅದುಮಿ ಗುಳಿ ಮಾಡುವವರೂ ಇದ್ದಾರೆ. ಇವು ಯಾವುವನ್ನೂ ನಾನು ಮಾಡಿಸುವುದಿಲ್ಲ ಎಂದು ತೀರ್ಮಾನಿಸಿದೆ. ತೂತು ಕೊರೆಯಬೇಕಾಗದ, ಹೊರಗಿನಿಂದಲೇ ನಟ್ಟು ಬಿಗಿಯುವ ಬ್ರೇಕನ್ನು ಹುಡುಕುವುದಕ್ಕೆ ಆರು ವಾರ ಹಿಡಿಯಿತು. ನಮ್ಮ ಬಡಾವಣೆಯ ಸೈಕಲ್ ರಿಪೇರಿಯವರು, “ಎರಡು ನಿಮಿಷ ಡ್ರಿಲ್ ಹಿಡಿದರೆ ಮುಗೀತಿತ್ತು ಸಾರ್, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ತೀರಲ್ಲ” ಎಂದರು. ಅವರು ಓವರ್‌ಹಾಲನ್ನು ‘ಓವರಾಯಿಲು’ ಎನ್ನುವವರು. ಎಣ್ಣೆಯಿಂದ ಗುಣವಾಗದ ಕಾಯಿಲೆಯಿಲ್ಲ ಎಂಬ ಪಂಥದವರು. ಅವರಿಗೆ ನನ್ನ ಗೆರೆ ಅರ್ಥವಾಗಲಿಲ್ಲವೆಂದು ಅವರನ್ನು ದೂರುವಂತಿಲ್ಲ.

ಅಣ್ಣನ ಮಗ ಒಂದು ರಾಜಿ ಸೂಚಿಸಿದ. ಮಾಡಲೇಬೇಕಾದರೆ 622ರ ಗಾಲಿ ಹಾಕಿಸಿ, 4 ಮಿಲಿಮೀಟರು ತಾನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ವಿಚಿತ್ರವೆಂದರೆ ಅದನ್ನು ಒಪ್ಪಲು ನನ್ನ ಮನಸ್ಸು ಹಿಂದೆಗೆಯಿತು. ಕೈನೋವಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ. ಬದಲಾವಣೆ ಎಷ್ಟು ಚಿಕ್ಕದೋ ಅಷ್ಟು ನಿಷ್ಠೆ ಹೆಚ್ಚು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ; ನನಗೆ ಹಾಗೆ ತೋರುವುದಿಲ್ಲ. ಕಾಣದಂತೆ ಬದಲಾಯಿಸಿ ಇದು ಅಪ್ಪನ ಸೈಕಲ್ಲೇ ಎಂದು ಗೋಡೆಗೆ ಒರಗಿಸುವುದು ಅವನಿಗೆ ನಾನು ಹೇಳುವ ಒಂದು ಮೆದುವಾದ ಸುಳ್ಳಾಗುತ್ತದೆ. ದಪ್ಪ ಟೈರಿನ ಚಿಕ್ಕ ಗಾಲಿಯಾದರೋ, ಕಂಡವರಿಗೆಲ್ಲ ತಾನು ಆಮೇಲೆ ಬಂದವನೆಂದು ಹೇಳಿಕೊಳ್ಳುತ್ತದೆ.

ಮೊದಲು ಬಂದದ್ದನ್ನೆಲ್ಲ ಹಾಗೇ ಉಳಿಸಬೇಕು ಎನ್ನುವವರು ಇನ್ನೊಂದು ವಿಷಯವನ್ನು ಮರೆಯುತ್ತಾರೆ. ಅಣ್ಣನ ಸೈಕಲ್ಲಿನ ರಿಮ್ಮು ಕ್ರೋಮಿಯಂ ಲೇಪದ ಉಕ್ಕಿನದು. ಒಣಗಿದ್ದಾಗ ಬ್ರೇಕು ಹಿಡಿಯುತ್ತದೆ. ಮಳೆಯಲ್ಲಿ ನೆನೆದರೆ ರಬ್ಬರು ಅದರ ಮೇಲೆ ಸಾಬೂನಿನಂತೆ ಜಾರುತ್ತದೆ. ಇದು ಸೈಕಲ್ಲು ಬಲ್ಲವರಿಗೆಲ್ಲ ಗೊತ್ತಿರುವ ದೋಷ. ಅಲ್ಯುಮಿನಿಯಂ ರಿಮ್ಮು ಒದ್ದೆಯಲ್ಲಿ ಎಷ್ಟೋ ವಾಸಿ. ಆಷಾಢದ ಸಂಜೆ ಬಸ್ಸಿನ ಹಿಂದೆ ನಿಲ್ಲಬೇಕಾದವನಿಗೆ ಮೂಲದ ಶುದ್ಧಿ ಎಂಬುದು ಬೇರೆಯೇ ಅರ್ಥ ಕೊಡುತ್ತದೆ. ಅಮೆರಿಕದಲ್ಲಿ ಕೂತು ಆ ಶುದ್ಧಿಯನ್ನು ಕಾಪಾಡುವವನು ಈ ಬಸ್ಸಿನ ಹಿಂದೆ ನಿಲ್ಲುವವನಲ್ಲ.

ಇಲ್ಲಿ ಸ್ವಲ್ಪ ಕಟುವಾಯಿತೇನೋ. ಆದರೆ ಇದು ನಮ್ಮ ಮನೆಯೊಂದರ ಕಥೆಯಲ್ಲ. ಮಲ್ಲೇಶ್ವರ, ಬಸವನಗುಡಿ, ಮೈಸೂರಿನ ಚಾಮುಂಡಿಪುರ, ಧಾರವಾಡದ ಮಾಳಮಡ್ಡಿ, ಎಲ್ಲಿ ನೋಡಿದರೂ ಮಕ್ಕಳು ಹೊರದೇಶದಲ್ಲಿರುವ ಮನೆಗಳಿವೆ. ಮನೆ ಮಾರಬೇಡಿ, ಹಿತ್ತಲಿನ ಮಾವಿನ ಮರ ಕಡಿಸಬೇಡಿ, ನಡುಮನೆಯ ಉಯ್ಯಾಲೆ ತೆಗೆಯಬೇಡಿ ಎಂದು ಅವರು ಅಲ್ಲಿಂದ ಹೇಳುತ್ತಾರೆ. ಅವರ ಆಸೆ ಕಪಟವಲ್ಲ. ಓಡುತ್ತಿರುವ ಜೀವಕ್ಕೆ ಎಲ್ಲೋ ಒಂದು ಕಡೆ ಏನೋ ಒಂದು ನಿಂತಿರಬೇಕು. ಆದರೆ ಮಾವಿನ ಎಲೆಯನ್ನು ಗುಡಿಸುವವರು ಇಲ್ಲಿರುವವರು. ಎಪ್ಪತ್ತು ದಾಟಿದ ಮೇಲೆ ಭಾರತೀಯ ಶೌಚಾಲಯವನ್ನು ಬದಲಾಯಿಸಬೇಕಾದವರೂ ಇಲ್ಲಿರುವವರು. ನೆನಪು ಇಟ್ಟುಕೊಂಡವರಿಗೂ ಬಳಸುವವರಿಗೂ ನಡುವೆ ಹಳೆಯ ವಸ್ತುಗಳು ಸಿಕ್ಕಿಕೊಂಡಿವೆ. ಇಬ್ಬರಲ್ಲಿ ಯಾರ ಹಕ್ಕು ದೊಡ್ಡದು ಎಂದು ಕೇಳಿದರೆ ನಾನು ಬಳಸುವವರ ಕಡೆ ನಿಲ್ಲುತ್ತೇನೆ. ಆದರೆ ನೆನಪಿನವರಿಗೆ ಬಳಸುವವರು ಲೆಕ್ಕ ಒಪ್ಪಿಸಬೇಕು ಎಂಬ ಷರತ್ತಿನ ಮೇಲೆ.

ಬಿಚ್ಚಿ ತೊಳೆದ ಫ್ರೇಮಿಗೆ ಎರವಲು ತಂದ ಒಂದು ‘650 ಬಿ’ ಗಾಲಿಯನ್ನು ಸಿಕ್ಕಿಸಿ ನೋಡಿದ ದಿನ ನನಗೆ ಒಂದು ವಿಷಯ ಹೊಳೆಯಿತು. 42ರ ಟೈರು ಫೋರ್ಕಿನ ಎರಡು ಕಾಲುಗಳ ನಡುವೆ ಸಲೀಸಾಗಿ ತಿರುಗಿತು. ಎರಡು ಪಕ್ಕದಲ್ಲೂ ಬೆರಳು ತೂರುವಷ್ಟಲ್ಲದಿದ್ದರೂ ಪೆನ್ಸಿಲು ತೂರುವಷ್ಟು ಜಾಗ. ಈ ಜಾಗ ಎಲ್ಲಿಂದ ಬಂತು? ಅಣ್ಣ ಓಡಿಸಿದಷ್ಟು ಕಾಲವೂ ಅಲ್ಲಿ ಇದ್ದದ್ದು 32 ಮಿಲಿಮೀಟರಿನ ಟೈರು, ಸುತ್ತಲೂ ಖಾಲಿ. ನಾಟಿಂಗ್‌ಹ್ಯಾಮಿನಲ್ಲಿ ಆ ಕೊಳವೆಗಳನ್ನು ಬೆಸೆದವರು, ಕೊಂಡವನು ಮಡ್ಗಾರ್ಡು ಹಾಕಿಸಿಯಾನು, ಮಳೆಗಾಲದಲ್ಲಿ ಕೆಸರು ಸಿಕ್ಕೀತು, ಎಂದು ಸುಮ್ಮನೆ ಒಂದಿಷ್ಟು ಬಿಟ್ಟಿದ್ದರು. ‘650 ಬಿ’ ಅವರ ಮನಸ್ಸಿನಲ್ಲಿ ಇರಲಿಲ್ಲ, ನಾನೂ ಇರಲಿಲ್ಲ. ಆಮೇಲಿನ ದಶಕಗಳ ರೇಸ್ ಸೈಕಲ್ಲುಗಳಲ್ಲಿ ಈ ಖಾಲಿಯನ್ನು ದೋಷವೆಂದು ತಿಳಿದು ತೆಗೆದುಹಾಕಿದರು. ಗಾಲಿಗೂ ಫ್ರೇಮಿಗೂ ನಡುವೆ ಕಾಗದ ತೂರದಂತೆ ಬಿಗಿಯಾಗಿರುವುದೇ ಚಂದವಾಯಿತು. ಅವು ಹುಟ್ಟಿದ ಅಳತೆಯಲ್ಲಿ ಬಹಳ ಚೆನ್ನಾಗಿ ಓಡುತ್ತವೆ. ಬೇರೆ ಅಳತೆಗೆ ಅವುಗಳಲ್ಲಿ ಎಡೆಯಿಲ್ಲ. ತಾನು ಯೋಚಿಸಿದ್ದಕ್ಕಿಂತ ಬೇರೆಯಾಗಿ ಯಾರಾದರೂ ತನ್ನ ವಸ್ತುವನ್ನು ಬಳಸಿಯಾರು ಎಂಬ ಅನುಮಾನ ಮಾಡಿದವನಿಗೆ ಬಂದಿದ್ದರೆ ಮಾತ್ರ ಅದರಲ್ಲಿ ಇನ್ನೊಬ್ಬನಿಗೆ ಜಾಗ ಉಳಿದಿರುತ್ತದೆ.

ಅಣ್ಣನೂ ಅಂಥವನೇ. ಯಾವುದಕ್ಕೂ ಹೀಗೇ ಮಾಡಿ ಎಂದು ಬರೆದಿಟ್ಟು ಹೋಗಲಿಲ್ಲ. ಪುಸ್ತಕಗಳು ಯಾರಿಗೆ, ಮನೆ ಏನಾಗಬೇಕು, ತಿಥಿ ಹೇಗೆ, ಒಂದೂ ಇಲ್ಲ. ಆಗ ನಮಗೆಲ್ಲ ಅದು ಅಜಾಗರೂಕತೆ ಎನ್ನಿಸಿ ಸ್ವಲ್ಪ ಬೇಸರವಾಗಿತ್ತು. ವಕೀಲರ ಹತ್ತಿರ ಓಡಾಡುವುದೂ ಆಯಿತು. ಈಗ ಆ ಖಾಲಿಯನ್ನು ನಾನು ಬೇರೆ ರೀತಿ ನೋಡುತ್ತೇನೆ. ಅಪ್ಪಂದಿರು ಮಕ್ಕಳಿಗೆ ಕಟ್ಟಿಕೊಡುವ ಎಷ್ಟೋ ಬದುಕುಗಳು ಅಪ್ಪನ ಗಾಲಿಗೆ ಮಾತ್ರ ಹೊಂದುವಂತೆ ಬಿಗಿಯಾಗಿರುತ್ತವೆ. ಅವನ ಮಗ ಅಮೆರಿಕಕ್ಕೆ ಹೋಗುತ್ತೇನೆಂದಾಗ ಅಣ್ಣ ಒಂದು ಮಾತೂ ಆಡದೆ ಸಾಲಕ್ಕೆ ಸಹಿ ಹಾಕಿದ್ದ. ಇದನ್ನು ಹುಡುಗನಿಗೆ ಬರೆದು ತಿಳಿಸಬೇಕೆಂದು ಎರಡು ಸಲ ಕೂತೆ. ಉಪದೇಶದಂತಾಗುತ್ತದೆ ಎಂದು ಬಿಟ್ಟೆ. ಬದಲಿಗೆ ಲೆಕ್ಕವನ್ನು ಒಪ್ಪಿಸಿದೆ: ಹಳೆಯ ಗಾಲಿಗಳು, ಟೈರು ಸಮೇತ, ಒಳಕೋಣೆಯ ಗೋಡೆಯ ಮೇಲೆ ಬಟ್ಟೆ ಸುತ್ತಿ ತೂಗುಹಾಕಿದೆ; ಹಳೆಯ ವೈನ್‌ಮನ್ ಬ್ರೇಕುಗಳು, ಬೋಲ್ಟು ವಾಷರು ಸಹಿತ, ಬಿಸ್ಕತ್ತಿನ ಡಬ್ಬದಲ್ಲಿವೆ; ಫ್ರೇಮಿಗೆ ಅರ ತಾಗಿಲ್ಲ, ಡ್ರಿಲ್ ತಾಗಿಲ್ಲ; ನೀನು ಬಂದಾಗ ಒಂದು ಮಧ್ಯಾಹ್ನದಲ್ಲಿ ಅದನ್ನು ಮತ್ತೆ ಅಪ್ಪನ ಸೈಕಲ್ಲು ಮಾಡಿಕೊಳ್ಳಬಹುದು; ಅಲ್ಲಿಯವರೆಗೆ, ನೀನು ಹೇಳಿದಂತೆ, ಅದು ನನ್ನದು. ಅವನು “ಸರಿ ಚಿಕ್ಕಪ್ಪ” ಎಂದು ಎರಡೇ ಮಾತು ಬರೆದ. ಒಪ್ಪಿದನೋ, ಸೋತೆನೆಂದು ಬಿಟ್ಟನೋ, ಇಷ್ಟು ದೂರದಿಂದ ತಿಳಿಯುವಂತಿಲ್ಲ. ಡಿಸೆಂಬರಿನಲ್ಲಿ ಬರುತ್ತಾನಂತೆ.

ಲೆಕ್ಕದಲ್ಲಿ ಅವನಿಗೆ ಬರೆಯದೆ ಬಿಟ್ಟ ಒಂದು ಅಂಶವಿದೆ, ಅದನ್ನು ಇಲ್ಲಿ ಸೇರಿಸುತ್ತೇನೆ. ಹೊರಗಿನ ವ್ಯಾಸ 694ರಿಂದ 668ಕ್ಕೆ ಇಳಿದದ್ದರಿಂದ ಗೇರು ನೂರಕ್ಕೆ ನಾಲ್ಕರಷ್ಟು ಹಗುರವಾಗಿದೆ, ಮಂಡಿಗೆ ಹಿತ. ಸೈಕಲ್ಲು ಪೂರ್ತಿಯಾಗಿ 13 ಮಿಲಿಮೀಟರು ನೆಲಕ್ಕೆ ಹತ್ತಿರವಾಗಿದೆ. ಏರಿ ಇಳಿಯುವುದಕ್ಕೆ ಅದೂ ಹಿತವೇ. ಆದರೆ ಪೆಡಲೂ ಅಷ್ಟೇ ಕೆಳಗೆ ಬಂದಿದೆ. ಅಣ್ಣ ತಿರುವಿನಲ್ಲಿ ತುಳಿಯುತ್ತಲೇ ಬಾಗುತ್ತಿದ್ದ. ನಾನು ತಿರುವು ಬಂದರೆ ತುಳಿಯುವುದನ್ನು ನಿಲ್ಲಿಸಿ, ಒಳಪಕ್ಕದ ಪೆಡಲನ್ನು ಮೇಲೆತ್ತಿ ಹಿಡಿದು, ತಿರುವು ದಾಟಿದ ಮೇಲೆ ಮತ್ತೆ ತುಳಿಯುತ್ತೇನೆ.